ಬೆಳ್ಳಗಿರುವುದೆಲ್ಲ ಕೊಕೇನ್ ಅಲ್ಲ: 2 ಡಾಲರಿನ ಡ್ರಗ್ ಟೆಸ್ಟ್ ಕಿಟ್ ಕೋರ್ಟಿನಲ್ಲಿ ಎಷ್ಟು ತೂಗುತ್ತದೆ?

ಅಮೆರಿಕದ ಪೊಲೀಸರು ರಸ್ತೆ ಬದಿಯಲ್ಲೇ ಮಾದಕ ವಸ್ತು ಪತ್ತೆಗೆ ಬಳಸುವ ಕಲರ್ ಟೆಸ್ಟ್ ಕಿಟ್ ನೋಡಲು ತೀರಾ ಸಾದಾ ಸಾಮಾನು. ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದರಿಂದ ಮೂರು ಪುಟ್ಟ ಗಾಜಿನ ಆಂಪ್ಯೂಲ್ (ದ್ರಾವಣ ತುಂಬಿ ಮುಚ್ಚಿದ, ಒಡೆಯಬಲ್ಲ ಶೀಸೆ), ಚೀಲದ ಬಾಯಿ ಮುಚ್ಚಲು ಒಂದು ಕ್ಲಿಪ್, ಜೊತೆಗೆ ಯಾವ ಬಣ್ಣ ಬಂದರೆ ಏನರ್ಥ ಎಂದು ಹೇಳುವ ಚೀಟಿ. ಒಂದಕ್ಕೆ ಸುಮಾರು 2 ಡಾಲರ್. ಎನ್‌ಐಕೆ, ನಾರ್ಕ್ 2 ಎಂಬ ಹೆಸರಿನವು ಹೆಚ್ಚು ಬಳಕೆಯಲ್ಲಿವೆ. ರಸಾಯನಶಾಸ್ತ್ರವೆಲ್ಲ ಹಳೆಯದೇ, ಕಂಪನಿ ಬದಲಾದರೆ ಪ್ಯಾಕಿಂಗ್ ಮಾತ್ರ ಬದಲು.

ಈ ಸಾಮಾನನ್ನು ಪ್ರಯೋಗಾಲಯದ ಉಪಕರಣವೆಂದು ಅಳೆದರೆ ಅನ್ಯಾಯ. ಇದು ಮಾರಾಟವಾಗುವುದೇ ‘ಪ್ರಾಬಬಲ್ ಕಾಸ್’ ಒದಗಿಸಲಿಕ್ಕೆ. ಅಂದರೆ ಬಂಧನಕ್ಕೋ ಸರ್ಚ್ ವಾರಂಟ್‌ಗೋ ಸಾಕಾಗುವಷ್ಟು ಆಧಾರ. ಹಾಗಾಗಿ ಇಲ್ಲಿ ಅಂಕ ಕೊಡುವುದು ಕೋರ್ಟಿನ ಕಣ್ಣಿನಿಂದ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: 5ಕ್ಕೆ 2 ಸ್ಟಾರ್. ಅಗ್ಗದ ಬೆಲೆಗೆ ಒಂದು, ವೇಗಕ್ಕೆ ಒಂದು. ಉಳಿದ ಮೂರು ಎಲ್ಲಿ ಹೋದವು ಎಂಬುದೇ ಈ ಬರಹ.

ಕೊಕೇನ್ ಚೀಲದಿಂದಲೇ ಶುರುಮಾಡೋಣ, ಹೆಚ್ಚು ಎಡವಟ್ಟಾಗುವುದು ಇದರಲ್ಲೇ. ಮೊದಲ ಆಂಪ್ಯೂಲಿನಲ್ಲಿ ಕೋಬಾಲ್ಟ್ ಥಯೋಸಯನೇಟ್ ದ್ರಾವಣ, ಗುಲಾಬಿ ಬಣ್ಣದ್ದು. ಎರಡನೆಯದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ. ಮೂರನೆಯದರಲ್ಲಿ ಕ್ಲೋರೋಫಾರ್ಮ್. ಪೆನ್ಸಿಲ್ ಮೊನೆಯಷ್ಟು ಪುಡಿಯನ್ನು ಚೀಲಕ್ಕೆ ಹಾಕಿ, ಗಾಳಿ ಹಿಂಡಿ, ಕ್ಲಿಪ್ ಬಿಗಿದು, ಆಂಪ್ಯೂಲ್‌ಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಒಡೆಯಬೇಕು. ಪ್ರತಿ ಸಲವೂ ಅಲುಗಾಡಿಸಿ ಬಣ್ಣ ನೋಡಬೇಕು. ಕೊಕೇನ್ ಇದ್ದರೆ ಮೊದಲು ನೀಲಿ, ಆಮ್ಲ ಬಿದ್ದಾಗ ಮತ್ತೆ ಗುಲಾಬಿ, ಕ್ಲೋರೋಫಾರ್ಮ್ ಸೇರಿದ ಮೇಲೆ ಎರಡು ಪದರ: ಮೇಲೆ ಗುಲಾಬಿ, ತಳದಲ್ಲಿ ನೀಲಿ. ಕ್ಲೋರೋಫಾರ್ಮ್ ನೀರಿಗಿಂತ ಭಾರ, ಅದಕ್ಕೇ ನೀಲಿ ಕೆಳಗೆ ನಿಲ್ಲುತ್ತದೆ. ಈ ಮೂರೂ ಹಂತ ಸೇರಿದರೆ ಮಾತ್ರ ಅದು ‘ಪಾಸಿಟಿವ್’. ಮೊದಲ ನೀಲಿ ಕಂಡೊಡನೆ ಬೇಡಿ ತೆಗೆಯುವವರು ಪರೀಕ್ಷೆಯ ಮೂರನೇ ಒಂದು ಭಾಗ ಮಾತ್ರ ಮಾಡಿದಂತಾಯಿತು.

ಯಾಕೆಂದರೆ ಕೋಬಾಲ್ಟ್ ಥಯೋಸಯನೇಟ್ ಕೊಕೇನನ್ನು ಗುರುತಿಸುವುದಿಲ್ಲ, ಒಂದು ಬಗೆಯ ಅಮೀನ್ ರಚನೆಯನ್ನು ಗುರುತಿಸುತ್ತದೆ. ಆ ರಚನೆ ಬೇರೆ ಎಷ್ಟೋ ಔಷಧಗಳಲ್ಲೂ ಇದೆ. ಹಲ್ಲಿನ ಡಾಕ್ಟರ್ ಮರಗಟ್ಟಿಸಲು ಬಳಸುವ ಲಿಡೋಕೇನ್, ಅಲರ್ಜಿ ಮಾತ್ರೆಯ ಡೈಫೆನ್‌ಹೈಡ್ರಮೈನ್, ಹೆರಾಯಿನ್ ಚಟ ಬಿಡಿಸಲು ಕೊಡುವ ಮೆಥಡೋನ್ ಹೀಗೆ 80ಕ್ಕೂ ಹೆಚ್ಚು ಸಂಯುಕ್ತಗಳಿಗೆ ಇದು ನೀಲಿ ತಿರುಗುತ್ತದೆ. ಆಮ್ಲ ಮತ್ತು ಕ್ಲೋರೋಫಾರ್ಮ್ ಹಂತ ಇರುವುದೇ ಇವುಗಳಲ್ಲಿ ಕೆಲವನ್ನಾದರೂ ಸೋಸಲು. ಆಂಪ್ಯೂಲ್‌ಗಳನ್ನು ಹಿಂದುಮುಂದಾಗಿ ಒಡೆದರೆ ಆ ಸೋಸುವಿಕೆ ಹೋಯಿತು, ಬಣ್ಣಕ್ಕೆ ಅರ್ಥ ಉಳಿಯುವುದಿಲ್ಲ.

ಹೆರಾಯಿನ್, ಮೆತ್ (ಮೆಥಾಂಫೆಟಮೈನ್) ಪತ್ತೆಗೆ ಬಳಸುವ ಮಾರ್ಕ್ವಿಸ್ ಚೀಲದ ತೊಂದರೆ ಬೇರೆ. ಒಳಗಿರುವುದು ಸಾಂದ್ರ ಗಂಧಕಾಮ್ಲ ಮತ್ತು ಫಾರ್ಮಾಲ್ಡಿಹೈಡ್. ಹೆರಾಯಿನ್, ಮಾರ್ಫಿನ್‌ಗೆ ನೇರಳೆ; ಮೆತ್‌ಗೆ ಕಿತ್ತಳೆಯಿಂದ ಕೆಂಗಂದು. ಆದರೆ ಸಾಂದ್ರ ಗಂಧಕಾಮ್ಲ ಸಕ್ಕರೆಯನ್ನೂ ಸುಟ್ಟು ಕಂದು ಮಾಡುತ್ತದೆ, ಆಸ್ಪಿರಿನ್ ಪುಡಿ ಕಡುಗೆಂಪಾಗುತ್ತದೆ. ಕಿತ್ತಳೆ-ಕಂದೋ, ಬರೀ ಕಂದೋ ಎಂಬುದನ್ನು ರಾತ್ರಿ ಹೊತ್ತು, ಗಸ್ತು ಕಾರಿನ ಕೆಂಪು-ನೀಲಿ ದೀಪ ಮಿನುಗುವಾಗ, ಸೋಡಿಯಂ ಬೀದಿದೀಪದ ಹಳದಿ ಬೆಳಕಿನಲ್ಲಿ ತೀರ್ಮಾನಿಸಬೇಕು. 2015ರ ಡಿಸೆಂಬರಿನಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಕಾರಿನ ನೆಲದ ಮೇಲೆ ಉದುರಿದ್ದ ಡೋನಟ್ ಸಕ್ಕರೆ ಪಾಕದ ಚೂರುಗಳು ಮೆತ್ ಎಂದು ತೋರಿ ಚಾಲಕ ಬಂಧನಕ್ಕೊಳಗಾದರು. ಲ್ಯಾಬ್ ವರದಿ ಬಂದ ಮೇಲೆ ಕೇಸು ಬಿತ್ತು, ಮುಂದೆ ನಗರಾಡಳಿತ 37,500 ಡಾಲರ್ ಪರಿಹಾರ ತೆತ್ತಿತು. 2 ಡಾಲರಿನ ಚೀಲಕ್ಕೆ ಅಷ್ಟು ಬೆಲೆ.

ಇನ್ನು ಹವೆ. ಚಳಿಯಲ್ಲಿ ಬಣ್ಣ ನಿಧಾನವಾಗಿ ಏಳುತ್ತದೆ. ಬಿಸಿಯಲ್ಲಿ ಬೇಗ ಏಳುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ಬೇಸಿಗೆಯಲ್ಲಿ ಕಾರಿನ ಡಿಕ್ಕಿ ಒಲೆಯಂತೆ ಕಾಯುತ್ತದೆ, ಕಿಟ್‌ಗಳ ಪೆಟ್ಟಿಗೆ ಇಡುವ ಜಾಗವೂ ಅದೇ. ಪುಡಿ ಜಾಸ್ತಿ ಹಾಕಿದರೆ ಬಣ್ಣ ತೀರಾ ಕಡುವಾಗಿ ಗುರುತಿಸಲು ಕಷ್ಟವಾಗಬಹುದು. ಚೀಟಿಯಲ್ಲಿ ಹೇಳಿದ ಅವಧಿ ದಾಟಿದ ಮೇಲೆ ಬಂದ ಬಣ್ಣಕ್ಕೆ ಬೆಲೆಯಿಲ್ಲ, ಆದರೂ ವರದಿಯಲ್ಲಿ ‘ಪಾಸಿಟಿವ್’ ಎಂದು ಬರೆದುಬಿಡುವ ಅಪಾಯವಿದೆ.

ಈಗ ಕೋರ್ಟಿನ ಕಡೆ. ಅಮೆರಿಕದ ಸುಪ್ರೀಂ ಕೋರ್ಟು ಈ ಬಗೆಯ ಪರೀಕ್ಷೆಯನ್ನು ನೇರವಾಗಿ ನೋಡಿದ್ದು 1984ರ ‘ಯುನೈಟೆಡ್ ಸ್ಟೇಟ್ಸ್ ವರ್ಸಸ್ ಜೇಕಬ್‌ಸನ್’ನಲ್ಲಿ. ಫೆಡರಲ್ ಎಕ್ಸ್‌ಪ್ರೆಸ್ ಕಚೇರಿಯಲ್ಲಿ ಫೋರ್ಕ್‌ಲಿಫ್ಟ್ ತಾಗಿ ಹರಿದ ಪೊಟ್ಟಣ. ಸಿಬ್ಬಂದಿ ಬಿಚ್ಚಿ ನೋಡಿದಾಗ ಟೇಪು ಸುತ್ತಿದ ಕೊಳವೆಯೊಳಗೆ ಬಿಳಿ ಪುಡಿಯ ಚೀಲಗಳು. ಕರೆ ಹೋದ ಮೇಲೆ ಬಂದ ಡಿಇಎ (ಕೇಂದ್ರ ಸರ್ಕಾರದ ಮಾದಕ ವಸ್ತು ನಿಗ್ರಹ ಸಂಸ್ಥೆ) ಅಧಿಕಾರಿ ಚಾಕುವಿನ ಮೊನೆಯಲ್ಲಿ ಚಿಟಿಕೆಗಿಂತ ಕಡಿಮೆ ಪುಡಿ ತೆಗೆದು ಅಲ್ಲೇ ಪರೀಕ್ಷಿಸಿದರು. ವಾರಂಟ್ ಇಲ್ಲದೆ ಮಾಡಿದ ಆ ಪರೀಕ್ಷೆ ‘ಶೋಧ’ವೇ ಎಂಬುದು ಪ್ರಶ್ನೆ. ಅಲ್ಲ ಎಂದಿತು ಕೋರ್ಟು: ಪುಡಿ ಕೊಕೇನ್ ಹೌದೋ ಅಲ್ಲವೋ ಎಂಬುದನ್ನು ಬಿಟ್ಟು ಬೇರೇನನ್ನೂ ಹೊರಗೆಡಹದ ಪರೀಕ್ಷೆಯಿಂದ ಯಾರ ನ್ಯಾಯಬದ್ಧ ಖಾಸಗಿತನಕ್ಕೂ ಧಕ್ಕೆಯಿಲ್ಲ.

ತರ್ಕ ಅಚ್ಚುಕಟ್ಟಾಗಿದೆ, ಒಂದು ಶರತ್ತಿನ ಮೇಲೆ: ಪರೀಕ್ಷೆ ಸತ್ಯ ಹೇಳಬೇಕು. 80 ಪದಾರ್ಥಗಳಿಗೆ ನೀಲಿ ತಿರುಗುವ ಚೀಲ ‘ಹೌದೋ ಅಲ್ಲವೋ’ ಹೇಳುವುದಿಲ್ಲ, ‘ಇರಬಹುದು’ ಎನ್ನುತ್ತದೆ. ಪರೀಕ್ಷೆ ಮಾಡಲು ಪರವಾನಗಿ ಇದೆ ಎಂದು ಜೇಕಬ್‌ಸನ್ ಹೇಳಿದ್ದನ್ನು, ಪರೀಕ್ಷೆ ನಂಬಬಹುದು ಎಂದು ಹೇಳಿದೆ ಎಂಬಂತೆ ಓದುವವರು ಇನ್ನೂ ಇದ್ದಾರೆ. ಎರಡೂ ಬೇರೆ ಪ್ರಶ್ನೆ.

ನಂಬಿಕೆಯ ಪ್ರಶ್ನೆಗೆ ಉತ್ತರ 1983ರ ‘ಇಲಿನಾಯ್ ವರ್ಸಸ್ ಗೇಟ್ಸ್’ನಲ್ಲಿದೆ. ಪ್ರಾಬಬಲ್ ಕಾಸ್ ಎಂದರೆ ಎಲ್ಲ ಸನ್ನಿವೇಶವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅಪರಾಧದ ಕುರುಹು ಸಿಗುವ ಸಾಕಷ್ಟು ಸಂಭವ ಇದೆ ಎನ್ನಿಸುವುದು. ಶೇಕಡಾ ಇಷ್ಟು ಎಂಬ ಲೆಕ್ಕವಿಲ್ಲ. 2003ರ ‘ಮೇರಿಲ್ಯಾಂಡ್ ವರ್ಸಸ್ ಪ್ರಿಂಗಲ್’ನಲ್ಲಿ ಅದನ್ನು ಅಂಕೆಗೆ ಇಳಿಸಲಾಗದು ಎಂದೇ ಕೋರ್ಟು ಹೇಳಿತು. ಅದಕ್ಕಿಂತ ಕೆಳಗಿನ ಮೆಟ್ಟಿಲು ‘ರೀಸನಬಲ್ ಸಸ್ಪಿಶನ್’, 1968ರ ‘ಟೆರಿ ವರ್ಸಸ್ ಓಹಾಯೊ’ದಿಂದ ಬಂದದ್ದು: ಬರೀ ಗುಮಾನಿ ಸಾಲದು, ಬಿಡಿಸಿ ಹೇಳಬಲ್ಲ ಸಂಗತಿಗಳು ಬೇಕು. ಅಷ್ಟಿದ್ದರೆ ತಡೆದು ನಿಲ್ಲಿಸಿ ಪ್ರಶ್ನಿಸಬಹುದು. ಆಯುಧ ಇದೆ ಎಂಬ ಸಕಾರಣ ಅನುಮಾನವಿದ್ದರೆ ಬಟ್ಟೆಯ ಮೇಲಿನಿಂದ ತಡವಬಹುದು. ಜೇಬಿಗೆ ಕೈಹಾಕಿ ಪುಡಿ ಹುಡುಕುವಂತಿಲ್ಲ.

‘ಎಲ್ಲ ಸನ್ನಿವೇಶ ಒಟ್ಟಿಗೆ’ ಎಂಬ ಮಾತು ಸಡಿಲವಾಗಿ ಕೇಳಿಸಬಹುದು. ಕಿಟ್‌ನ ವಿಷಯದಲ್ಲಿ ಅದಕ್ಕೆ ಗಟ್ಟಿ ಲೆಕ್ಕವಿದೆ. ಊಹೆಗೆ ಒಂದು ಚೀಲ ತೆಗೆದುಕೊಳ್ಳಿ: ನಿಜವಾದ ಡ್ರಗ್ಸ್ 100ರಲ್ಲಿ 95 ಸಲ ಹಿಡಿಯುತ್ತದೆ, ಅಲ್ಲದ್ದನ್ನು 100ರಲ್ಲಿ 10 ಸಲ ತಪ್ಪಾಗಿ ಹಿಡಿಯುತ್ತದೆ. ಡ್ರಗ್ಸ್ ಕೈಬದಲಾದದ್ದನ್ನು ಪೊಲೀಸರು ಕಣ್ಣಾರೆ ಕಂಡ ಜಾಗದಲ್ಲಿ ಸಿಕ್ಕ 1,000 ಪುಡಿಗಳಲ್ಲಿ 900 ನಿಜವಾದ ಡ್ರಗ್ಸ್ ಎನ್ನೋಣ. ಸರಿಯಾದ ಪಾಸಿಟಿವ್ 855, ತಪ್ಪಾದದ್ದು 10. ಅದ್ಭುತ ಚೀಲ! ಅದೇ ಚೀಲವನ್ನು ಟೈಲ್ ಲೈಟ್ ಕೆಟ್ಟಿದ್ದಕ್ಕೆ ನಿಲ್ಲಿಸಿದ ಕಾರುಗಳ ನೆಲದ ಮೇಲೆ ಸಿಕ್ಕ 1,000 ಬಿಳಿ ಚೂರುಗಳಿಗೆ ಹಾಕಿ. ಅಲ್ಲಿ ನಿಜವಾದವು 100 ಮಾತ್ರ ಎನ್ನೋಣ. ಸರಿಯಾದ ಪಾಸಿಟಿವ್ 95, ತಪ್ಪಾದದ್ದು 90. ಚೀಲ ಬದಲಾಗಿಲ್ಲ, ನಾಣ್ಯ ಚಿಮ್ಮಿದಂತಾಯಿತು. ನೀಲಿ ಬಣ್ಣದ ತೂಕ ಬರುವುದು ಅದಕ್ಕೂ ಮೊದಲು ಪೊಲೀಸರಿಗೆ ಏನು ಗೊತ್ತಿತ್ತು ಎಂಬುದರಿಂದ. ಡೋನಟ್ ಪ್ರಸಂಗದ ತಪ್ಪು ಇರುವುದು ಇಲ್ಲೇ.

ಕೋರ್ಟುಗಳು ಈ ಲೆಕ್ಕವನ್ನು ಬಾಯಿಬಿಟ್ಟು ಮಾಡುವುದು ಅಪರೂಪ, ಆದರೆ ಮಾದಕ ವಸ್ತು ಮೂಸುವ ಪೊಲೀಸ್ ನಾಯಿಯ ಮೇಲಿನ ತೀರ್ಪಿನಲ್ಲಿ ಅದರ ನೆರಳಿದೆ. 2013ರ ‘ಫ್ಲಾರಿಡಾ ವರ್ಸಸ್ ಹ್ಯಾರಿಸ್’ನಲ್ಲಿ, ಬೀದಿಯಲ್ಲಿ ನಾಯಿಯ ಸೂಚನೆ ಎಷ್ಟು ಸಲ ಸರಿ, ಎಷ್ಟು ಸಲ ತಪ್ಪಾಯಿತು ಎಂಬ ದಾಖಲೆಗಳೆಲ್ಲ ಕಡ್ಡಾಯ ಎಂಬ ರಾಜ್ಯ ಕೋರ್ಟಿನ ಪಟ್ಟಿಯನ್ನು ಸುಪ್ರೀಂ ಕೋರ್ಟು ಸರ್ವಾನುಮತದಿಂದ ತಳ್ಳಿಹಾಕಿತು. ನಿಯಂತ್ರಿತ ಪರೀಕ್ಷೆಯಲ್ಲಿ ಸಾಬೀತಾದ ನಾಯಿ ಸೂಚನೆ ಕೊಟ್ಟರೆ ಪ್ರಾಬಬಲ್ ಕಾಸ್ ಇದೆಯೆಂದು ಭಾವಿಸಬಹುದು. ಆದರೆ ಆರೋಪಿ ಅದನ್ನು ಪ್ರಶ್ನಿಸಬಹುದು, ತರಬೇತಿ ಸಾಲದು ಎನ್ನಬಹುದು, ಆ ದಿನದ ಸನ್ನಿವೇಶ ಕೆಟ್ಟಿತ್ತು ಎನ್ನಬಹುದು. ಚೀಲಕ್ಕೂ ಇದೇ ಮಾನದಂಡ ಹಾಕಿದರೆ ಒಂದು ತಮಾಷೆ ಕಾಣುತ್ತದೆ. ನಾಯಿಗಾದರೂ ತರಬೇತಿ ಪ್ರಮಾಣಪತ್ರ ಇರುತ್ತದೆ. ಚೀಲ ಒಡೆಯುವ ಅಧಿಕಾರಿಗೆ ಬಣ್ಣಗುರುಡು ಇದೆಯೇ ಎಂದು ಕೇಳುವವರು ವಿರಳ.

ಕಿಟ್‌ನ ದೊಡ್ಡ ಮಿತಿಯೊಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದಿಲ್ಲ: ಚೀಲಕ್ಕೆ ಪುಡಿ ಬರುವ ಮುಂಚಿನ ತಪ್ಪನ್ನು ಚೀಲ ತಿದ್ದಲಾರದು. 1993ರ ‘ಮಿನೆಸೋಟ ವರ್ಸಸ್ ಡಿಕರ್‌ಸನ್’ನಲ್ಲಿ ಆಯುಧಕ್ಕಾಗಿ ತಡವುತ್ತಿದ್ದ ಅಧಿಕಾರಿ, ಅದು ಆಯುಧವಲ್ಲ ಎಂದು ಗೊತ್ತಾದ ಮೇಲೂ ಜೇಬಿನ ಗಂಟನ್ನು ಹಿಸುಕಿ, ಜಾರಿಸಿ ನೋಡಿ ಕ್ರ್ಯಾಕ್ (ಕೊಕೇನಿನ ಗಟ್ಟಿ ಹರಳು) ಎಂದು ತಿಳಿದರು. ತೂಕ ಒಂದು ಗ್ರಾಮಿನ ಐದನೇ ಒಂದು ಭಾಗ, ವಸ್ತು ನಿಜವಾಗಿಯೂ ಕೊಕೇನ್. ಆದರೂ ಸಾಕ್ಷ್ಯ ಹೊರಗೆ. 1987ರ ‘ಅರಿಝೋನ ವರ್ಸಸ್ ಹಿಕ್ಸ್’ನಲ್ಲಿ ಸೀರಿಯಲ್ ನಂಬರ್ ಓದಲು ಸ್ಟೀರಿಯೊವನ್ನು ಕೆಲವು ಇಂಚು ಸರಿಸಿದ್ದೇ ಶೋಧ, ಅದಕ್ಕೆ ಪ್ರಾಬಬಲ್ ಕಾಸ್ ಬೇಕಿತ್ತು ಎಂದಾಯಿತು. ಡ್ಯಾಶ್‌ಬೋರ್ಡಿನ ಮೇಲೆ ಕಣ್ಣಿಗೆ ಬಿದ್ದ ಮುಚ್ಚಿದ ಡಬ್ಬಿಯನ್ನು ತಿರುಗಿಸಿ ಮುಚ್ಚಳ ತೆಗೆಯುವ ಮುನ್ನ ಇದನ್ನು ನೆನೆಯಬೇಕು.

ಸಮಯವೂ ಲೆಕ್ಕಕ್ಕೆ ಬರುತ್ತದೆ. 2015ರ ‘ರಾಡ್ರಿಗೆಜ್’ ತೀರ್ಪಿನಲ್ಲಿ, ಸಂಚಾರ ನಿಯಮದ ಎಚ್ಚರಿಕೆ ಚೀಟಿ ಕೊಟ್ಟು ಮುಗಿದ ಮೇಲೆ ನಾಯಿಗಾಗಿ ಏಳೆಂಟು ನಿಮಿಷ ಹೆಚ್ಚು ನಿಲ್ಲಿಸಿದ್ದೇ ವಿಷಯ. ಬೇರೆ ಸಕಾರಣ ಅನುಮಾನ ಇಲ್ಲದಿದ್ದರೆ ಅಷ್ಟು ಕೂಡ ತಪ್ಪು. ಚೀಲದ ಕೆಲಸ ಒಂದೆರಡು ನಿಮಿಷದ್ದೇ, ಆದರೆ ಠಾಣೆಯಿಂದ ಬೇರೆ ಚೀಲ ತರಿಸುವುದಾದರೆ ಗಡಿಯಾರ ಓಡುತ್ತಿರುತ್ತದೆ.

ಮತ್ತೆ ‘ಮ್ಯಾನ್ಯುಯೆಲ್ ವರ್ಸಸ್ ಸಿಟಿ ಆಫ್ ಜೋಲಿಯೆಟ್’. ಈ ಕಿಟ್‌ನ ಬಗ್ಗೆ ಒಂದೇ ತೀರ್ಪು ಓದುವುದಾದರೆ ಇದನ್ನು ಓದಬೇಕು. 2011ರ ಮಾರ್ಚ್, ಇಲಿನಾಯ್: ಕಾರಿನಲ್ಲಿದ್ದವರ ಬಳಿ ವಿಟಮಿನ್ ಬಾಟಲಿ, ಒಳಗೆ ಮಾತ್ರೆಗಳು. ಸ್ಥಳದಲ್ಲೇ ಮಾಡಿದ ಪರೀಕ್ಷೆ ನೆಗೆಟಿವ್. ಠಾಣೆಯಲ್ಲಿ ಮತ್ತೆ ಮಾಡಿದ್ದೂ ನೆಗೆಟಿವ್. ಆದರೆ ವರದಿಯಲ್ಲಿ ಎಕ್ಸ್‌ಟಸಿ ಎಂಬ ಮಾದಕ ಮಾತ್ರೆ ಎಂದು ಬರೆಯಲಾಯಿತು, ಅದನ್ನು ನಂಬಿ ನ್ಯಾಯಾಧೀಶರು ಜೈಲಿಗೆ ಕಳಿಸಿದರು. ಲ್ಯಾಬ್ ವರದಿ ಮಾದಕ ವಸ್ತು ಇಲ್ಲ ಎಂದ ಮೇಲೂ ಬಿಡುಗಡೆ ತಡವಾಗಿ, ಒಟ್ಟು 48 ದಿನ ಕಳೆದವು. ನ್ಯಾಯಾಧೀಶರು ಸಹಿ ಹಾಕಿದ ಮಾತ್ರಕ್ಕೆ ಸಕಾರಣವಿಲ್ಲದ ಶೋಧ, ಬಂಧನದ ವಿರುದ್ಧ ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ ಕೊಡುವ ರಕ್ಷಣೆ ಮುಗಿಯುವುದಿಲ್ಲ, ಸುಳ್ಳು ಆಧಾರದ ಮೇಲಿನ ಬಂಧನವನ್ನು ಪ್ರಶ್ನಿಸಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಗಮನಿಸಿ: ಇಲ್ಲಿ ಚೀಲ ಸರಿಯಾಗಿತ್ತು. ಬಣ್ಣ ಉಳಿಯುವುದಿಲ್ಲ, ಉಳಿಯುವುದು ಅಧಿಕಾರಿ ಬರೆದ ವಾಕ್ಯ. ಈ ಉತ್ಪನ್ನದ ವಿನ್ಯಾಸದಲ್ಲೇ ಇರುವ ದೋಷ ಇದು.

ವಾರಂಟ್ ಇಲ್ಲದೆ ಬಂಧಿಸಿದರೆ ಸಾಮಾನ್ಯವಾಗಿ 48 ಗಂಟೆಯೊಳಗೆ ನ್ಯಾಯಾಧೀಶರು ಪ್ರಾಬಬಲ್ ಕಾಸ್ ಪರಿಶೀಲಿಸಬೇಕು. 1991ರ ‘ರಿವರ್‌ಸೈಡ್ ವರ್ಸಸ್ ಮೆಕ್‌ಲಾಫ್ಲಿನ್’ ಆ ಗಡುವು ಹಾಕಿತು. ವಸ್ತು ಯಾವುದೆಂದು ಖಚಿತಪಡಿಸುವ ಲ್ಯಾಬ್‌ನ ಜಿಸಿ-ಎಂಎಸ್ ಯಂತ್ರದ ವರದಿ ಅಷ್ಟರಲ್ಲಿ ಬರುವುದಿಲ್ಲ, ವಾರ, ತಿಂಗಳು ಹಿಡಿಯುತ್ತದೆ. ಆ ಖಾಲಿ ಜಾಗವನ್ನೇ ಚೀಲ ತುಂಬುವುದು. ತುಂಬಿ ಅಲ್ಲಿಗೇ ನಿಂತರೆ ತಕರಾರಿಲ್ಲ. ಟೆಕ್ಸಾಸಿನ ಹ್ಯಾರಿಸ್ ಕೌಂಟಿಯಲ್ಲಿ ನಿಲ್ಲಲಿಲ್ಲ: ಜಾಮೀನಿಗೆ ಹಣವಿಲ್ಲದವರು ಕಡಿಮೆ ಶಿಕ್ಷೆಯ ಆಸೆಗೆ ತಪ್ಪೊಪ್ಪಿಕೊಂಡರು, ಆಮೇಲೆ ಬಂದ ಲ್ಯಾಬ್ ವರದಿಗಳು ಡ್ರಗ್ಸ್ ಇಲ್ಲ ಎಂದವು, ರಾಶಿ ರಾಶಿ ಶಿಕ್ಷೆಗಳು ರದ್ದಾದವು. ಅದೇ ಕೌಂಟಿಯ ಹ್ಯೂಸ್ಟನ್ ನಗರದ ಪೊಲೀಸರು 2017ರಲ್ಲಿ ಈ ಕಿಟ್ ಬಳಕೆ ಕೈಬಿಟ್ಟರು. ಕೊಟ್ಟ ಕಾರಣ ಫೆಂಟನಿಲ್ ಎಂಬ ಅತಿ ತೀಕ್ಷ್ಣ ಮಾದಕದ ಅಪಾಯದಿಂದ ಸಿಬ್ಬಂದಿಯ ಸುರಕ್ಷತೆ. ಕಾರಣ ಯಾವುದಾದರೇನು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ವಾಟ್ರೋನ್ ಸೆಂಟರ್ 2024ರಲ್ಲಿ ಕೊಟ್ಟ ಅಂದಾಜಿನಂತೆ ವರ್ಷಕ್ಕೆ ಸುಮಾರು 7,73,000 ಬಂಧನಗಳಲ್ಲಿ ಇಂಥ ಪರೀಕ್ಷೆ ಬಳಕೆಯಾಗುತ್ತದೆ, ಸುಮಾರು 30,000 ಜನ ಡ್ರಗ್ಸ್ ಇಲ್ಲದೆಯೇ ಸಿಕ್ಕಿಬೀಳುತ್ತಾರೆ.

ಮ್ಯಾಸಚೂಸೆಟ್ಸ್‌ನಲ್ಲಿ ಕೈದಿಗಳಿಗೆ ಬರುವ ಕಾಗದಪತ್ರಗಳಲ್ಲಿ ಕೃತಕ ಗಾಂಜಾ ಪತ್ತೆಗೆ ಬಳಸುತ್ತಿದ್ದ ನಾರ್ಕ್ ಕಿಟ್‌ಗೆ 2021ರಲ್ಲಿ ಅಲ್ಲಿನ ನ್ಯಾಯಾಧೀಶರು ತಡೆ ಹಾಕಿದರು. ನಾಣ್ಯ ಚಿಮ್ಮುವುದಕ್ಕಿಂತ ಕೊಂಚವೇ ಮೇಲು ಎಂಬುದು ಅವರ ಅಳತೆ. ಮೇಲಿನ 95-90ರ ಲೆಕ್ಕ ಬರೀ ಕಾಗದದ ಆಟವಲ್ಲ.

ಗಾಂಜಾ ಚೀಲದ ಕಥೆ ಬೇಗ ಮುಗಿಯುತ್ತದೆ. ಡ್ಯೂಕನ್ವಾ-ಲೆವಿನ್ ಪರೀಕ್ಷೆಯಲ್ಲಿ ನೇರಳೆ ಬಣ್ಣ ಕ್ಲೋರೋಫಾರ್ಮ್ ಪದರಕ್ಕೆ ಇಳಿದರೆ ಪಾಸಿಟಿವ್. ಆದರೆ ಅಮೆರಿಕದ 2018ರ ಕೃಷಿ ಕಾಯ್ದೆ ‘ಫಾರ್ಮ್ ಬಿಲ್’ ಬಂದಾಗ, ಡೆಲ್ಟಾ-9 ಟಿಎಚ್‌ಸಿ (ಅಮಲೇರಿಸುವ ಅಂಶ) 0.3% ಮೀರದ ಗಾಂಜಾ ಗಿಡವಾದ ಹೆಂಪ್ ಕಾನೂನುಬದ್ಧ ಬೆಳೆಯಾಯಿತು. ಚೀಲಕ್ಕೆ ಪ್ರಮಾಣ ಗೊತ್ತಿಲ್ಲ, ಎರಡಕ್ಕೂ ನೇರಳೆಯೇ. ಕೊಳ್ಳಬೇಡಿ.

ಬದಲಿಗೆ ಏನು? ಕೈಯಲ್ಲಿ ಹಿಡಿಯುವ ರಾಮನ್ ಸ್ಪೆಕ್ಟ್ರೋಮೀಟರ್ ಇದೆ, ಬೆಲೆ ಸಾವಿರಾರು ಡಾಲರ್. ಪಾರದರ್ಶಕ ಪೊಟ್ಟಣ ಬಿಚ್ಚದೆಯೇ ಲೇಸರ್ ಹಾಯಿಸಿ ಅಣುವಿನ ಗುರುತು ಓದುತ್ತದೆ, ಫಲಿತಾಂಶ ಸಮಯದ ಸಮೇತ ದಾಖಲಾಗುತ್ತದೆ. ಜೋಲಿಯೆಟ್‌ನಂಥ ಪ್ರಕರಣದಲ್ಲಿ ಈ ದಾಖಲೆಯೇ ದೊಡ್ಡ ಲಾಭ. ಕೊರತೆಯೂ ಇದೆ: ಬಣ್ಣದ ಪುಡಿ, ಕಂದು ಹೆರಾಯಿನ್ ಹೊಳೆದು ಸಂಕೇತವನ್ನು ಮುಚ್ಚಿಹಾಕುತ್ತವೆ, ಮಿಶ್ರಣದಲ್ಲಿ ತೀರಾ ಕಡಿಮೆ ಇರುವ ಫೆಂಟನಿಲ್ ತಪ್ಪಿಹೋಗಬಹುದು. ಆದರೂ ದುಡ್ಡಿದ್ದರೆ ಇದೇ ಮೇಲು.

ನಮ್ಮಲ್ಲಿ ಎನ್‌ಡಿಪಿಎಸ್ (ಮಾದಕ ವಸ್ತು ತಡೆ ಕಾಯ್ದೆ) ಪ್ರಕರಣ ನಡೆಸುವವರಿಗೆ ಇದೇ ಬಣ್ಣದ ಕಿಟ್ ಪರಿಚಿತ, ಕೋರ್ಟಿನ ಪ್ರಶ್ನೆಗಳು ಮಾತ್ರ ಬೇರೆ ದಾರಿ ಹಿಡಿಯುತ್ತವೆ. ಕಲಂ 42ರ ‘ನಂಬಲು ಕಾರಣ’ವನ್ನು ಮಾಹಿತಿ ಬಂದಾಗಲೇ ಬರೆದಿಟ್ಟು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು, ಮೈ ತಪಾಸಣೆಯಾದರೆ ಕಲಂ 50ರ ಹಕ್ಕನ್ನು (ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರೇ ತಪಾಸಣೆ ಆಗಲಿ ಎನ್ನುವ ಹಕ್ಕು) ತಿಳಿಸಬೇಕು, 2010ರ ‘ವಿಜಯಸಿನ್ಹ ಜಡೇಜಾ’ ತೀರ್ಪಿನ ಪ್ರಕಾರ ಇದರಲ್ಲಿ ಹೆಚ್ಚುಕಡಿಮೆ ಮಾಡಿದರೆ ನಡೆಯದು. ಒಂದೇ ಗುರುತಿನ ಹಲವು ಪೊಟ್ಟಣಗಳನ್ನು ಮಾದರಿ ತೆಗೆಯಲು ಒಂದು ಗುಂಪಾಗಿ ಸೇರಿಸುವಾಗ ಕಿಟ್‌ನ ಬಣ್ಣ ಎಲ್ಲದಕ್ಕೂ ಒಂದೇ ಬರಬೇಕು. ವಸ್ತು ಯಾವುದೆಂದು ಗುರುತಿಸುವ ಕೆಲಸ ಎಫ್‌ಎಸ್‌ಎಲ್‌ನದು (ವಿಧಿವಿಜ್ಞಾನ ಪ್ರಯೋಗಾಲಯ). ಅಮೆರಿಕದಲ್ಲಿ ತಪ್ಪು ಶೋಧದ ಸಾಕ್ಷ್ಯವನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ನಮ್ಮಲ್ಲಿ 1974ರ ‘ಪೂರನ್ ಮಲ್’ ತೀರ್ಪಿನ ನಂತರ, ಶೋಧ ತಪ್ಪೆಂಬ ಒಂದೇ ಕಾರಣಕ್ಕೆ ಸಾಕ್ಷ್ಯ ಹೊರಗಿಡುವುದು ಅಷ್ಟು ಸಲೀಸಲ್ಲ. ಹಾಗಾಗಿ ಅಲ್ಲಿನ ತೀರ್ಪನ್ನು ಇಲ್ಲಿನ ಅರ್ಜಿಗೆ ಎತ್ತಿ ಅಂಟಿಸುವ ಕಿರಿಯ ವಕೀಲರು ಸ್ವಲ್ಪ ನಿಲ್ಲಬೇಕು. ಶೋಧ-ಜಪ್ತಿಯ ವಿಡಿಯೊ ಚಿತ್ರೀಕರಣ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 105ರಡಿ ಬಂದಿದೆ. ಚೀಲದ ಬಣ್ಣವೂ ಆ ಚೌಕಟ್ಟಿಗೆ ಬಿದ್ದರೆ ಮಹಜರಿನ ವಾಕ್ಯಕ್ಕೆ ತಾಳೆ ನೋಡಲು ಏನಾದರೂ ಇರುತ್ತದೆ.

ಕೊಂಡೇ ತೀರಬೇಕೆನ್ನುವ ಇಲಾಖೆಗೆ: ಪೆಟ್ಟಿಗೆಯ ಲಾಟ್ ನಂಬರ್, ಅವಧಿ ಮುಗಿಯುವ ದಿನ, ಆ ಹೊತ್ತಿನ ಹವೆ ವರದಿಗೆ ಬರಬೇಕು. ಬಿಳಿ ಕಾಗದದ ಮೇಲೆ ಚೀಲ ಇಟ್ಟು, ಟಾರ್ಚ್‌ನ ಬಿಳಿ ಬೆಳಕಿನಲ್ಲಿ, ಮೂರೂ ಹಂತದ ಫೋಟೊ ಬೇರೆ ಬೇರೆ ತೆಗೆಯಬೇಕು. ಪುಡಿ ಹಾಕದ ಒಂದು ಚೀಲವನ್ನು ಪಕ್ಕದಲ್ಲಿ ಒಡೆದು ತಾನಾಗಿ ಬಣ್ಣ ಬರುವುದಿಲ್ಲ ಎಂದು ತೋರಿಸಬೇಕು, ಇದರ ಖರ್ಚು ಇನ್ನೊಂದು 2 ಡಾಲರ್. ನೆಗೆಟಿವ್ ಬಂದದ್ದನ್ನೂ ಬರೆಯಬೇಕು. ಅಫಿಡವಿಟ್‌ನಲ್ಲಿ ಗೊತ್ತಿದ್ದೂ ಸುಳ್ಳು ಸೇರಿಸಿದರೆ 1978ರ ‘ಫ್ರ್ಯಾಂಕ್ಸ್ ವರ್ಸಸ್ ಡೆಲವೇರ್’ನಂತೆ ಆ ಭಾಗವನ್ನು ಅಳಿಸಿ, ಉಳಿದದ್ದು ಸಾಕೇ ಎಂದು ನ್ಯಾಯಾಧೀಶರು ನೋಡುತ್ತಾರೆ. ಪುಡಿಯನ್ನೆಲ್ಲ ಚೀಲಕ್ಕೇ ಸುರಿದು ಮುಗಿಸಬೇಡಿ, ಲ್ಯಾಬ್‌ಗೆ ಉಳಿಯಬೇಕು. ಕೆಲಸ ಮುಗಿದ ಚೀಲದಲ್ಲಿ ಗಂಧಕಾಮ್ಲ, ಕ್ಲೋರೋಫಾರ್ಮ್, ಗಾಜಿನ ಚೂರು ಇರುತ್ತವೆ; ಆಮ್ಲ ಶಮನದ ಆಂಪ್ಯೂಲ್ ಇದ್ದರೆ ಅದನ್ನು ಒಡೆದು, ಇಲ್ಲದಿದ್ದರೆ ಅಡುಗೆ ಸೋಡಾ ಹಾಕಿ, ನೊರೆ ಇಳಿಯುವ ತನಕ ಕ್ಲಿಪ್ ಬಿಗಿಯದೆ ಕಾಯಬೇಕು. ಬಿಗಿದರೆ ಚೀಲ ಉಬ್ಬಿ ಒಡೆಯುತ್ತದೆ.